ಲಡಾಖ್‌ಗೆ ಹಳೆಯ ಗಾಡಿ: ಜಿಪ್ಸಿಯೋ, ಥಾರೋ, ಬೊಲೆರೊನೋ?

ಓದುಗರ ಪ್ರಶ್ನೆ: ನಾವು ಮದ್ದೂರಿನವರು, ನಾಲ್ಕು ಜನ. ಜುಲೈನಲ್ಲಿ ಮನಾಲಿ ಮಾರ್ಗವಾಗಿ ಲೇಹ್‌ಗೆ ಹೋಗಿ, ಟೆಂಟ್ ಹಾಕಿಕೊಂಡು ತಿಂಗಳು ಸುತ್ತುವ ಆಸೆ. ಸೆಕೆಂಡ್ ಹ್ಯಾಂಡ್ ಜಿಪ್ಸಿ, ಹಳೇ ಥಾರ್, ಬೊಲೆರೊ ನೋಡಿದ್ದೇವೆ. ಫೋರ್ ವೀಲ್ ಡ್ರೈವ್ ಬೇಕೇಬೇಕಾ?

ಜುಲೈಗೆ ಬೇಕೇಬೇಕು ಅಂತೇನಿಲ್ಲ. ದಾರಿಗೆ ಅಡ್ಡ ಹರಿಯುವ ಹಳ್ಳಗಳು ಹಿಮ ಕರಗಿ ಮಧ್ಯಾಹ್ನದ ಮೇಲೆ ಉಕ್ಕುತ್ತವೆ, ಅವನ್ನು ಬೆಳಿಗ್ಗೆಯೇ ದಾಟಿದರೆ ಟೂ ವೀಲ್ ಡ್ರೈವ್ ಗಾಡಿಯೂ ಹೋಗುತ್ತದೆ. ಇಂಥ ಪ್ರವಾಸದಲ್ಲಿ ಗಾಡಿ ಕೆಡಿಸುವುದು ಹೆಚ್ಚಾಗಿ ಭಾರ.

ಲೆಕ್ಕ ಹಾಕಿ. ನಾಲ್ಕು ಜನ 280 ಕೆ.ಜಿ., ನೀರು 40 ಲೀಟರ್ ಅಂದರೆ 40 ಕೆ.ಜಿ., ಕ್ಯಾರಿಯರ್ ಮತ್ತು ಟೆಂಟ್ 85, ಎರಡನೇ ಸ್ಟೆಪ್ನಿ 25, ಟೂಲ್ಸು-ಬಿಡಿಭಾಗ 30, ಬಟ್ಟೆ, ಒಲೆ, ದಿನಸಿ 80. ಒಟ್ಟು 540 ಕೆ.ಜಿ. ಆಯಿತು! ನಿಮ್ಮ ಸೀಮೆಯಲ್ಲಿ ಕಬ್ಬು ತೂಗುವ ವೇಬ್ರಿಡ್ಜ್‌ಗೆ ಬರವಿಲ್ಲ. ಟ್ಯಾಂಕ್ ತುಂಬಿಸಿ, ಎಲ್ಲ ಸಾಮಾನು ಹೇರಿ, ಜನರನ್ನೂ ಕೂರಿಸಿ ಒಮ್ಮೆ ಪೂರ್ತಿ, ಇನ್ನೊಮ್ಮೆ ಹಿಂದಿನ ಚಕ್ರಗಳನ್ನಷ್ಟೇ ಹತ್ತಿಸಿ ತೂಗಿಸಿ. ಎರಡರಲ್ಲಿ ಯಾವುದೇ ತೂಕ ಕಂಪನಿ ಹೇಳಿದ ಗರಿಷ್ಠ ಮಿತಿ ಮೀರಿದ್ದರೆ ಸಾಮಾನು ಇಳಿಸಿ. ಅದರಲ್ಲೂ ಮೇಲಿನ ಕ್ಯಾರಿಯರ್‌ನಿಂದ ಮೊದಲು ಇಳಿಸಿ, ತಿರುವಿನಲ್ಲಿ ಗಾಡಿ ಮಗುಚುವ ಅಪಾಯ ಹೆಚ್ಚಿಸುವುದು ಆ ಭಾರವೇ. ಭಾರ ಮೀರಿದ ಗಾಡಿ ಗುಂಡಿಗೆ ಬಿದ್ದಾಗ ಲೀಫ್ ಸ್ಪ್ರಿಂಗ್‌ನ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಮೇನ್ ಪ್ಲೇಟ್ ಮುರಿಯುತ್ತದೆ. ಆ ಪಟ್ಟಿಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾದರಂತೂ ಆಕ್ಸಲ್ಲೇ ಜರುಗುತ್ತದೆ.

ಈಗ ಮೂರು ಗಾಡಿಗಳ ಮಾತು. ಜಿಪ್ಸಿ ಹಗುರ, ಕೆಸರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಟ್ಯಾಂಕ್ 40 ಲೀಟರ್. ಘಟ್ಟದಲ್ಲಿ ಲೀಟರಿಗೆ 8 ಕಿ.ಮೀ. ಕೊಟ್ಟರೂ 320 ಕಿ.ಮೀ. ಅಷ್ಟೇ. ಮನಾಲಿ ದಾಟಿದ ಮೇಲೆ ಸಿಗುವ ಟಾಂಡಿಯ ಪಂಪಿನ ಪ್ರಸಿದ್ಧ ಫಲಕ ಹೇಳುವುದು ಮುಂದಿನ ಪಂಪ್ 365 ಕಿ.ಮೀ. ಎಂದು. ಜಿಪ್ಸಿಗೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಕೂಡ ಇಲ್ಲ. 5,300 ಮೀಟರ್ ಎತ್ತರದ ತಗ್ಲಾಂಗ್ ಲಾ ಕಣಿವೆದಾರಿಯಲ್ಲಿ ಗಾಳಿಯ ಒತ್ತಡ ಅರ್ಧಕ್ಕೆ ಇಳಿಯುವುದರಿಂದ ಎಂಜಿನ್ ಬಸವಳಿಯುತ್ತದೆ. 2020ಕ್ಕೆ ಮುಂಚಿನ ಡೀಸೆಲ್ ಥಾರ್ ಇಬ್ಬರಿಗೆ ಒಳ್ಳೆಯ ಆಯ್ಕೆ. ಹಿಂದೆ ಎದುರುಬದುರು ಬೆಂಚಿನಲ್ಲಿ ಕೂತು ಮನಾಲಿವರೆಗೆ ಎರಡೂವರೆ ಸಾವಿರ ಕಿ.ಮೀ.ಗೂ ಹೆಚ್ಚು ಹೋಗುವುದು ಮಾತ್ರ ಶಿಕ್ಷೆ. ನಾಲ್ವರಿಗೆ ನಮ್ಮ ಮತ ಬೊಲೆರೊಗೆ: 60 ಲೀಟರ್ ಟ್ಯಾಂಕ್, ಟರ್ಬೊ ಡೀಸೆಲ್, ಸಣ್ಣ ಊರಿನ ಮೆಕ್ಯಾನಿಕ್ಕಿಗೂ ಗೊತ್ತಿರುವ ಗಾಡಿ. ಬಿಎಸ್-4 (2020ಕ್ಕೆ ಮುಂಚಿನ ಹೊಗೆ ನಿಯಮದ್ದು) ಸಿಕ್ಕರೆ ಒಳ್ಳೆಯದು. ಆಮೇಲಿನ ಬಿಎಸ್-6 ಡೀಸೆಲ್‌ಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ದಿನಗಟ್ಟಲೆ ನಿಧಾನ ಓಡಾಟದಲ್ಲಿ ಮಸಿ ಸುಟ್ಟುಕೊಳ್ಳಲಾಗದೆ ಕಟ್ಟಿಕೊಳ್ಳುತ್ತದೆ, ಆಗ ಎಂಜಿನ್ ತಾನೇ ಪವರ್ ತಗ್ಗಿಸುತ್ತದೆ.

ಕೊಳ್ಳುವಾಗ ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ಮಾರುವವರು ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಎಂಜಿನ್ ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಭುಸುಗುಟ್ಟಿದರೆ ಪಿಸ್ಟನ್ ರಿಂಗ್ ಸವೆದಿವೆ. ಕೆಳಗೆ ಮಲಗಿ, ಹಿಂದಿನ ಶಾಕ್ ಅಬ್ಸಾರ್ಬರ್ ಕೂರುವ ಜಾಗದಲ್ಲಿ ಚಾಸಿಗೆ ಬಿರುಕು ಅಥವಾ ಹೊಸ ವೆಲ್ಡಿಂಗ್ ಇದೆಯೇ ನೋಡಿ. ಇದ್ದರೆ ಬೇರೆ ಗಾಡಿ ಹುಡುಕಿ. ಥಾರ್ ಅಥವಾ ಜಿಪ್ಸಿಯಾದರೆ ಫೋರ್ ವೀಲ್ ಹಾಕಿ ನೋಡುವುದು ಮಣ್ಣಿನ ಮೇಲೆ ಮಾತ್ರ, ಡಾಂಬರಿನ ಮೇಲೆ ತಿರುಗಿಸಿದರೆ ಗೇರುಗಳು ಬಿಗಿದು ಹಾಳಾಗುತ್ತವೆ.

ಹೊರಡುವ ತಿಂಗಳು ಮುಂಚೆ, ಪೂರ್ತಿ ಭಾರ ಹೇರಿ ಮಧ್ಯಾಹ್ನದ ಬಿಸಿಲಲ್ಲಿ ಚಾಮುಂಡಿ ಬೆಟ್ಟ ಹತ್ತಿಸಿ. ಟೆಂಪರೇಚರ್ ಮುಳ್ಳು ಮಧ್ಯ ಬಿಟ್ಟು ಮೇಲೇರಿದರೆ ರೇಡಿಯೇಟರ್ ಬಿಚ್ಚಿ ತೊಳೆಸಿ, ಥರ್ಮೋಸ್ಟಾಟ್ ಬದಲಿಸಿ. ಹತ್ತಿದ ಗೇರಿನಲ್ಲೇ ಇಳಿದು, ನಾಲ್ಕೂ ಚಕ್ರಗಳ ನಡುವಿನ ಹಬ್‌ಗಳ ಹತ್ತಿರ ಕೈ ಹಿಡಿದು ಶಾಖ ನೋಡಿ. ಒಂದೇ ಕಡೆ ಹೆಚ್ಚು ಬಿಸಿಯಿದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಹಿಡಿದುಕೊಂಡಿದೆ.

ಜೊತೆಗೆ ಒಂದು ಫ್ಯಾನ್ ಬೆಲ್ಟ್, ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಹೋಸ್, ಎರಡು ಡೀಸೆಲ್ ಫಿಲ್ಟರ್, ಕ್ಲಚ್ ಸಿಲಿಂಡರ್ ಕಿಟ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಎರಡು ಯೂ ಬೋಲ್ಟ್, ಎರಡು ಸೆಂಟರ್ ಬೋಲ್ಟ್, ಬ್ರೇಕ್ ಆಯಿಲ್ ಇರಲಿ. ಬೆಲ್ಟು-ಹೋಸುಗಳನ್ನು ಮಾತ್ರ ಹೊರಡುವ ಮುನ್ನವೇ ಹೊಸದು ಹಾಕಿಸಿ, ಬಿಚ್ಚಿದ ಹಳೆಯವನ್ನೇ ಸ್ಪೇರ್ ಆಗಿ ಇಟ್ಟುಕೊಳ್ಳಿ. ಆಗ ಅಳತೆ ಸರಿಯಿದೆಯೇ ಎಂಬುದು ಊರಲ್ಲೇ ತಿಳಿದಿರುತ್ತದೆ.