ಮಾವನ ಟ್ರಂಕಿನಲ್ಲಿರುವ ಕಾಗದಗಳನ್ನು ಮಕ್ಕಳು ಓದೋದು ಹೇಗೆ?

ಪ್ರಶ್ನೆ: ಮಾವನವರಿಗೆ 84 ವರ್ಷ. ಊರಿಂದ ಬಂದ ಇನ್‌ಲ್ಯಾಂಡ್ ಕಾಗದ, ಹಳೇ ಫೋಟೊ ಒಂದು ಟ್ರಂಕ್ ತುಂಬ ಇವೆ. ಮಕ್ಕಳು ಕನ್ನಡ ಮಾತಾಡ್ತಾರೆ, ಓದಲು ಬರಲ್ಲ. ಎಲ್ಲಿಂದ ಶುರು ಮಾಡಲಿ?
– ಡೊಂಬಿವಲಿಯ ಓದುಗರೊಬ್ಬರು

ಉತ್ತರ: ಸ್ಕ್ಯಾನರ್ ಆಮೇಲೆ ನೋಡಿಕೊಳ್ಳೋಣ. ಮೊದಲು ಆ ಕಾಗದಗಳನ್ನು ಮಾವನವರಿಂದಲೇ ಜೋರಾಗಿ ಓದಿಸಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಓದಲು ಬಾರದ ಮಕ್ಕಳಿಗೆ ಕೇಳಲು ಬರುತ್ತೆ ಅಲ್ವಾ?

ಓದಿದ ಮೇಲೆ ಮಾತಿಗೆಳೆಯಿರಿ. ಆದರೆ "ನಿಮ್ಮ ಜೀವನದ ಬಗ್ಗೆ ಹೇಳಿ" ಅನ್ನಬೇಡಿ. ನಮ್ಮಪ್ಪನನ್ನು ಹಾಗೆ ಕೇಳಿದ್ದಕ್ಕೆ "ಏನುಂಟು ಹೇಳಲಿಕ್ಕೆ? ದುಡಿದೆವು, ಉಂಡೆವು" ಅಂತ ಮುಗಿಸಿಬಿಟ್ಟರು. ಇನ್ನೊಂದು ದಿನ, ಮುಂಬೈಯ ಫೋರ್ಟ್ ಬಡಾವಣೆಯ ಹೋಟೆಲ್ ಮುಂದೆ ತೆಗೆಸಿಕೊಂಡ ಫೋಟೊ ಕೈಗೆ ಕೊಟ್ಟು, "ರಾತ್ರಿ ಎಲ್ಲಿ ಮಲಗ್ತಿದ್ರಿ?" ಅಂದೆ. ಮುಕ್ಕಾಲು ಗಂಟೆ ಮಾತು! ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದದ್ದು, ಪುಸ್ತಕಕ್ಕೆ ಹತ್ತಿದ ಸಾಂಬಾರಿನ ಕಲೆ, ಶಟರ್ ಎಳೆದ ಮೇಲೆ ಎರಡು ಮೇಜು ಜೋಡಿಸಿ ಮಲಗುತ್ತಿದ್ದದ್ದು. ಮಾವನವರನ್ನೂ ಹೀಗೇ ಕೇಳಿ: ಖೋಲಿಗೆ (ಕೋಣೆಗೆ) ಬಾಡಿಗೆ ಎಷ್ಟಿತ್ತು? 1998ಕ್ಕೆ ಮುಂಚೆ, ಕೊಂಕಣ ರೈಲು ಪೂರ್ತಿ ಆಗದಿದ್ದಾಗ, ಊರಿಗೆ ಹೇಗೆ ಹೋಗ್ತಿದ್ರಿ? ಇಂಥ ಸಣ್ಣ ಪ್ರಶ್ನೆ ಸಾಕು.

ರೆಕಾರ್ಡ್ ಮಾಡುವಾಗ ಫ್ಯಾನ್ ಆಫ್ ಮಾಡಿ. ಮುಂಬೈ ಸೆಕೆಯಲ್ಲಿ ಅದೊಂದು ಶಿಕ್ಷೆ. ಹಾಗಾಗಿ ಬೆಳಿಗ್ಗೆ ಬೇಗ, ಇಪ್ಪತ್ತೇ ನಿಮಿಷ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲ್ ಮೇಲಿಡಿ. ಕುಕ್ಕರ್ ಸೀಟಿ ಕೇಳಿಸಿದರೆ ಕೇಳಿಸಲಿ ಬಿಡಿ.

ಫೋಟೊಗಳನ್ನು ಇಲ್ಲಿ ಹಾಳು ಮಾಡೋದು ತೇವ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಎಷ್ಟು ಮನೆಗಳ ಆಲ್ಬಂ ಮುದ್ದೆಯಾದವೋ. ಟ್ರಂಕ್ ಮಂಚದಡಿ ಇದ್ದರೆ ಇವತ್ತೇ ಮೇಲೆತ್ತಿಡಿ. ಆಲ್ಬಮ್ಮಿಗೆ ಅಂಟಿಕೊಂಡ ಫೋಟೊವನ್ನು ಕೀಳಬೇಡಿ, ಹರಿಯುತ್ತೆ. ಇದ್ದಲ್ಲೇ ಮೊಬೈಲಿನಲ್ಲಿ ತೆಗೆಯಿರಿ. ಲ್ಯಾಮಿನೇಷನ್ ಬೇಡವೇ ಬೇಡ. ಬಿಡಿ ಫೋಟೊಗಳ ಹಿಂದೆ ಪೆನ್ಸಿಲಿನಲ್ಲಿ ಹಗುರವಾಗಿ ಹೆಸರು, ಊರು, ವರ್ಷ ಬರೆಯಿರಿ. ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲದಿದ್ದರೆ ಮಸುಕಾಗುತ್ತೆ.

ಇನ್ನೊಂದು ಮಾತು. ಆ ಕಾಗದಗಳಲ್ಲಿ ಸಾಲ, ಪಾಲು, ಜಗಳ ಎಲ್ಲ ಇರುತ್ತೆ. ಮಾವ ಒಂದೆರಡು ಸಾಲು ಹಾರಿಸಿ ಓದಿದರೆ "ಯಾಕೆ ಬಿಟ್ರಿ?" ಅನ್ನಬೇಡಿ. ನಮ್ಮಪ್ಪ ಒಂದು ಕಾಗದವನ್ನು ಅರ್ಧ ಓದಿ, ಮಡಚಿ ಜೇಬಿಗೆ ಹಾಕಿಕೊಂಡರು. ಆ ಮಡಚುವ ಸದ್ದು ರೆಕಾರ್ಡಿಂಗಿನಲ್ಲಿದೆ.