ಹತ್ತು ತಿಂಗಳ ಅಡ್ವಾನ್ಸ್ ಕೊಡಲೇಬೇಕಾ?

ಪ್ರಶ್ನೆ: ಮಗ ಬೆಂಗಳೂರಿನ ಜ್ಞಾನಭಾರತಿಯಲ್ಲಿ ಎಂ.ಎಸ್ಸಿ.ಗೆ ಸೇರಿದ್ದಾನೆ. ಹಾಸ್ಟೆಲ್ ಸಿಕ್ಕಿಲ್ಲ. ನಾಲ್ಕು ಹುಡುಗರು ಸೇರಿ ಹತ್ತಿರದಲ್ಲೇ ಒಂದು ಮನೆ ನೋಡಿದ್ದಾರೆ. ಬಾಡಿಗೆ 16,000. ಓನರ್ 10 ತಿಂಗಳ ಅಡ್ವಾನ್ಸ್ ಕೇಳುತ್ತಿದ್ದಾರೆ. ಕೊಡಲೇಬೇಕಾ?

ಉತ್ತರ: ಕೊಡಲೇಬೇಕು ಅಂತ ಯಾವ ಕಾನೂನೂ ಇಲ್ಲ. ಅದು ಬೆಂಗಳೂರಿನ ಹಳೇ ರೂಢಿ. 2021ರಲ್ಲಿ ಕೇಂದ್ರ ಸರ್ಕಾರ ತಂದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ತಗೊಳ್ಳಬಾರದು ಅನ್ನುತ್ತದೆ. ಆದರೆ ಅದನ್ನು ಒಪ್ಪಿ ಜಾರಿ ಮಾಡುವುದು ಆಯಾ ರಾಜ್ಯಕ್ಕೆ ಬಿಟ್ಟ ವಿಷಯ. ಓನರ್ ಮುಂದೆ ಅದನ್ನು ಹಿಡಿದು ವಾದ ಮಾಡಿದರೆ ಮನೆ ಕೈತಪ್ಪುತ್ತದೆ, ಅಷ್ಟೆ. ಅದರ ಬದಲು ನೀವೇ ಒಮ್ಮೆ ಊರಿಂದ ಬಂದು ಕೂತು ಮಾತಾಡಿ. ‘ಬ್ಯಾಚುಲರ್ಸ್‌ಗೆ ಕೊಡಲ್ಲ’ ಅನ್ನುವವರೂ ಹುಡುಗರ ತಂದೆ-ತಾಯಿ ಮುಖ ನೋಡಿದ ಮೇಲೆ ಮೆತ್ತಗಾಗುವುದುಂಟು. ಐದಾರು ತಿಂಗಳಿಗೆ ಇಳಿಸಿ ಅಂತ ಸಂಕೋಚ ಇಲ್ಲದೆ ಕೇಳಿ.

ನನ್ನನ್ನು ಕೇಳಿದರೆ, ಅಡ್ವಾನ್ಸ್ ಎಷ್ಟು ಅನ್ನುವುದಕ್ಕಿಂತ ಅದು ವಾಪಸ್ ಹೇಗೆ ಬರುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ. ನಾನು ಓದುವಾಗ ಮತ್ತಿಕೆರೆಯಲ್ಲಿ ಬಾಡಿಗೆಗಿದ್ದೆ. ಖಾಲಿ ಮಾಡುವ ದಿನ ಓನರ್ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಅದು ವಾಡಿಕೆ, ಸರಿ. ಆಮೇಲೆ ಅಡುಗೆಮನೆ ನಲ್ಲಿ, ಬಾತ್‌ರೂಮ್ ಬಾಗಿಲ ಚಿಲಕ, ಒಡೆದ ಟೈಲ್ಸ್ ಅಂತ ಇನ್ನೂ ಹಿಡಿದರು. ಆ ಟೈಲ್ಸ್ ನಾವು ಬರುವ ಮೊದಲೇ ಒಡೆದಿತ್ತು. ತೋರಿಸಲು ನಮ್ಮ ಹತ್ತಿರ ಒಂದು ಫೋಟೋ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಕೀ ಕೈಗೆ ಬಂದ ದಿನವೇ ಗೋಡೆ, ನೆಲ, ನಲ್ಲಿ, ಕರೆಂಟ್ ಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಲಿ. ಅಡ್ವಾನ್ಸ್ ಬ್ಯಾಂಕಿನ ಮೂಲಕವೇ ಹೋಗಲಿ. ಅಗ್ರಿಮೆಂಟ್ 11 ತಿಂಗಳಿಗೆ ಮಾಡುತ್ತಾರೆ. ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕಾಗುತ್ತದೆ, ಅದಕ್ಕೆ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ, ಖಾಲಿ ಮಾಡುವುದಾದರೆ ಎಷ್ಟು ತಿಂಗಳು ಮೊದಲು ಹೇಳಬೇಕು, ಉಳಿದ ದುಡ್ಡು ಯಾವತ್ತು ಕೊಡುತ್ತಾರೆ ಅನ್ನುವ ಮೂರೂ ಅದರಲ್ಲಿ ಬರೆದಿರಲಿ.

ನಾಲ್ವರ ಹೆಸರೂ ಅಗ್ರಿಮೆಂಟಿನಲ್ಲಿ ಇರಬೇಕು. 10 ತಿಂಗಳೇ ಕೊಟ್ಟರೆ 1,60,000, ತಲೆಗೆ 40,000. ನಡುವೆ ಒಬ್ಬನಿಗೆ ಹಾಸ್ಟೆಲ್ ಸಿಕ್ಕಿ ಹೊರಟ ಅಂತಿಟ್ಟುಕೊಳ್ಳಿ. ಅವನ 40,000 ಯಾರು ಕೊಡಬೇಕು? ಓನರ್ ಕೊಡುವುದಿಲ್ಲ, ಉಳಿದ ಹುಡುಗರ ಹತ್ತಿರ ಇರುವುದಿಲ್ಲ. ಅವನ ಜಾಗಕ್ಕೆ ಬರುವವನೇ ಅಷ್ಟು ಕೊಟ್ಟು ಸೇರಬೇಕು, ಅಲ್ಲಿಯವರೆಗೆ ಹೊರಟವನು ಕಾಯಬೇಕು. ಇದನ್ನು ಈಗಲೇ ಒಂದು ಹಾಳೆಯಲ್ಲಿ ಬರೆದು ನಾಲ್ವರೂ ಸಹಿ ಹಾಕಲಿ. ಒಳ್ಳೇ ಸ್ನೇಹಿತರು ದುಡ್ಡಿನ ವಿಷಯಕ್ಕೆ ಮಾತು ಬಿಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

‘ಹತ್ತಿರ’ ಅಂದಿದ್ದೀರಲ್ಲ, ಅದನ್ನೂ ಸ್ವಲ್ಪ ನೋಡಿ. ಜ್ಞಾನಭಾರತಿ ಕ್ಯಾಂಪಸ್ ಸುಮಾರು 1,100 ಎಕರೆ. ಗೇಟಿನ ಪಕ್ಕದ ಮನೆಯಿಂದಲೂ ಡಿಪಾರ್ಟ್‌ಮೆಂಟಿಗೆ ದೂರ ನಡೆಯಬೇಕಾಗಬಹುದು. ಮೈಸೂರು ರಸ್ತೆಯಲ್ಲಿ ಕೆಂಗೇರಿವರೆಗೂ 2021ರಿಂದ ಮೆಟ್ರೋ ಇದೆ, ಜ್ಞಾನಭಾರತಿ ಅಂತಲೇ ಸ್ಟೇಷನ್ ಇದೆ. ಕೆಂಗೇರಿ ಕಡೆಯೂ ಟು-ಲೆಟ್ ಬೋರ್ಡ್ ನೋಡಲಿ. ಬ್ರೋಕರ್ ಬಂದರೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಅವರಿಗೆ ಹೋಗುತ್ತದೆ. ಸುಮ್ನೆ ಎರಡು ಸಂಜೆ ಬೀದಿ ಸುತ್ತಿದರೆ ಅದು ಉಳಿಯಬಹುದು.

ಕೊನೆಗೆ ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ನೀರಿಗೆ ಜಿಲ್ಲಾಡಳಿತವೇ ದರ ನಿಗದಿ ಮಾಡಬೇಕಾಯಿತು. ಕಾವೇರಿ ನೀರು ಬರುತ್ತದಾ, ಬೋರ್ ಮಾತ್ರವಾ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದು ಅಂತ ಕೇಳಿ. ಓನರ್‌ಗಿಂತ ಕೆಳಗಿನ ಮನೆಯವರನ್ನು ಕೇಳುವುದು ಇನ್ನೂ ಒಳ್ಳೆಯದು. ಟೋಕನ್ ಅಡ್ವಾನ್ಸ್ ಕೊಡುವ ಮೊದಲು ಮಗ ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ, ಎಲ್ಲರೂ ಸ್ನಾನ ಮಾಡುವ ಹೊತ್ತಿಗೆ ಅಲ್ಲಿಗೆ ಹೋಗಿ ನಲ್ಲಿ ತಿರುಗಿಸಿ ನೋಡಲಿ.