ಹೊರಗಿನ ತಂಡಕ್ಕೆ ಕೊಟ್ಟ ಮೇಲೂ ಉಳಿಯುವ ಕೆಲಸ

"ಗ್ರಾಹಕರು ಆರ್ಡರ್ ರದ್ದು ಮಾಡಬಹುದು."

ಒಂದು ಪ್ರಾಜೆಕ್ಟಿನ ದಾಖಲೆಯಲ್ಲಿ ಇದ್ದ ಸಾಲು ಇದು. ಆಗ ನಾನು ಬೇರೆ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಹೊರಗಿನ ತಂಡದಲ್ಲಿ ಕೋಡ್ ಬರೆಯುತ್ತಿದ್ದೆ. ಕೆಲಸ ಕೊಟ್ಟವರ ಲೆಕ್ಕದಲ್ಲಿ ಅದು ಅರ್ಧ ದಿನದ ಕೆಲಸ. ಒಂದು ಬಟನ್, ಅಷ್ಟೇ ಅಲ್ವಾ? ಬರೆಯಲು ಕೂತಾಗ ಪ್ರಶ್ನೆಗಳು ಒಂದೊಂದಾಗಿ ಎದ್ದವು. ಎಷ್ಟು ಹೊತ್ತಿನ ತನಕ ರದ್ದು ಮಾಡಬಹುದು? ಪ್ಯಾಕ್ ಆದ ಮೇಲೂ ಮಾಡಬಹುದಾ? ಮೂರು ಸಾಮಾನಿನಲ್ಲಿ ಒಂದು ಮಾತ್ರ ಬೇಡ ಅಂದರೆ? ಕೂಪನ್ ಬಳಸಿದ್ದರೆ ಅದು ವಾಪಸ್ ಸಿಗುತ್ತದಾ? ಹಣ ಕಾರ್ಡಿಗೆ ಹೋಗಬೇಕಾ, ವಾಲೆಟ್ಟಿಗಾ? ಬಿಲ್ ಆಗಲೇ ಹೋಗಿದ್ದರೆ ತೆರಿಗೆ ಲೆಕ್ಕ ಏನಾಗುತ್ತದೆ? ಗೋದಾಮಿನವರಿಗೆ ಯಾರು ತಿಳಿಸುತ್ತಾರೆ?

ಎಲ್ಲವನ್ನೂ ಪಟ್ಟಿ ಮಾಡಿ ಕಳಿಸಿದೆ. ನಾಲ್ಕು ದಿನ ಉತ್ತರ ಇಲ್ಲ. ಐದನೇ ದಿನ ಬಂತು: "ನಿಮಗೆ ಸರಿ ಅನಿಸಿದ ಹಾಗೆ ಮಾಡಿ." ಡೆಡ್‌ಲೈನ್ ಹತ್ತಿರ ಬಂದಿತ್ತು, ಮಾಡಿದೆ. ಪ್ಯಾಕ್ ಆದ ಮೇಲೂ ರದ್ದು ಮಾಡಲು ಬಿಟ್ಟೆ, ಹಣ ತಕ್ಷಣ ವಾಪಸ್ ಹೋಗುವ ಹಾಗೆ ಇಟ್ಟೆ. ಸಾಫ್ಟ್‌ವೇರ್ ಬಳಕೆಗೆ ಬಂದ ಎರಡನೇ ವಾರ ಫೋನ್ ಬಂತು. ಲಾರಿ ಹತ್ತಿ ಹೊರಟ ಸಾಮಾನಿಗೂ ಹಣ ವಾಪಸ್ ಹೋಗುತ್ತಿತ್ತು. "ಇಷ್ಟೂ ಗೊತ್ತಾಗಲ್ವಾ ನಿಮಗೆ?" ಅಂತ ಕೇಳಿದರು. ಅವರ ಆಫೀಸಿನಲ್ಲಿ ಅದು ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತಿದ್ದರಿಂದಲೇ ಯಾರೂ ಬರೆದಿಟ್ಟಿರಲಿಲ್ಲ.

ಆ ಫೋನ್ ಕರೆ ಇವತ್ತಿಗೂ ನೆನಪಿದೆ. ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ ಕೆಲಸ ಮಾಡಿದ್ದೆವು, ಆದರೂ ನಷ್ಟ ಆಯಿತು. ಈಗ ನನ್ನದು ಇನ್ನೊಂದು ಕಡೆಯ ಕೆಲಸ. ಹೊರಗಿನವರಿಂದ ಸಾಫ್ಟ್‌ವೇರ್ ಮಾಡಿಸಿಕೊಳ್ಳುವ ಸಂಸ್ಥೆಗಳಿಗೆ ತಂಡ ಆರಿಸುವುದರಿಂದ ಹಿಡಿದು ಕೆಲಸ ಕೈಗೆ ಬರುವ ತನಕ ಸಲಹೆ ಕೊಡುತ್ತೇನೆ. ಮೊದಲ ಭೇಟಿಯಲ್ಲಿ ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಅವರಿಗೆ ಕೊಟ್ಟುಬಿಟ್ಟರೆ ನಮ್ಮ ತಲೆನೋವು ಮುಗಿಯಿತು." ನಾನು ಅಲ್ಲೇ ತಡೆಯುತ್ತೇನೆ. ಕೋಡ್ ಬರೆಯುವ ಕೆಲಸ ಹೊರಗೆ ಕೊಡಬಹುದು. ಏನು ಬೇಕು, ಏನು ಬೇಡ ಅಂತ ತೀರ್ಮಾನ ಮಾಡುವ ಕೆಲಸ ನಿಮ್ಮ ಹತ್ತಿರವೇ ಉಳಿಯುತ್ತದೆ. ನೀವು ಮಾಡದಿದ್ದರೆ ಅದನ್ನು ಯಾರೋ ಒಬ್ಬ ಡೆವಲಪರ್ ರಾತ್ರಿ ಹತ್ತು ಗಂಟೆಗೆ ಅಂದಾಜಿನ ಮೇಲೆ ಮಾಡಬೇಕಾಗುತ್ತದೆ.

ಹಾಗಾಗಿ ನಾನು ಮೊದಲು ಕೇಳುವುದು ನಿಮ್ಮವರ ಬಗ್ಗೆ. ದಿನಕ್ಕೆ ಒಂದೆರಡು ಗಂಟೆ ಇದಕ್ಕೇ ಅಂತ ಕೊಡುವವರು ಯಾರಿದ್ದಾರೆ? ಅವರು ಬೇಡ ಅಂದರೆ ಅದೇ ಕೊನೆ ಮಾತಾಗುತ್ತದಾ? ಇಂಥವರಿಗೆ ಪ್ರಾಡಕ್ಟ್ ಓನರ್ ಅನ್ನುತ್ತಾರೆ. ಎಷ್ಟೋ ಕಡೆ ಈ ಹೆಸರು ಮಾತ್ರ ಕೊಟ್ಟು ಅಧಿಕಾರ ಕೊಟ್ಟಿರುವುದಿಲ್ಲ. ಪ್ರತಿ ಪ್ರಶ್ನೆಯೂ ಮೇಲಿನವರ ಹತ್ತಿರ ಹೋಗುತ್ತದೆ, ಅಲ್ಲಿ ಮೂರು ದಿನ ಕೂರುತ್ತದೆ, ಅರ್ಧ ಉತ್ತರ ಹೊತ್ತು ವಾಪಸ್ ಬರುತ್ತದೆ. ಆ ಮೂರು ದಿನಕ್ಕೂ ದುಡ್ಡು ನಿಮ್ಮದೇ.

"ಜಾಣರ ತಂಡ ಸಿಕ್ಕರೆ ಇದೆಲ್ಲ ಬೇಕಾಗಲ್ಲ" ಅಂತ ಕೆಲವರು ವಾದ ಮಾಡುತ್ತಾರೆ. ಅವರಿಗೆ ನಾನು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಥೆ ಹೇಳುತ್ತೇನೆ. ಮಂಗಳ ಗ್ರಹದ ಹವಾಮಾನ ನೋಡಲು ಕಳಿಸಿದ್ದ ಆ ನೌಕೆ 1999ರ ಸೆಪ್ಟೆಂಬರ್ 23ರಂದು ಕೈತಪ್ಪಿತು. ನೌಕೆ ಕಟ್ಟಿಕೊಟ್ಟಿದ್ದು ಗುತ್ತಿಗೆ ಪಡೆದ ಲಾಕ್‌ಹೀಡ್ ಮಾರ್ಟಿನ್. ದಾರಿಯಲ್ಲಿ ನೌಕೆಯ ಪುಟ್ಟ ಎಂಜಿನ್‌ಗಳು ಉರಿದಾಗೆಲ್ಲ ಎಷ್ಟು ತಳ್ಳಿದವು ಅಂತ ಅವರ ಒಂದು ಸಾಫ್ಟ್‌ವೇರ್ ಲೆಕ್ಕ ಕೊಡುತ್ತಿತ್ತು. ಕೊಡುತ್ತಿದ್ದುದು ಪೌಂಡ್ ಅಳತೆಯಲ್ಲಿ. ಅದನ್ನು ತೆಗೆದುಕೊಳ್ಳುತ್ತಿದ್ದ ನಾಸಾ ಕಡೆಯವರು ನ್ಯೂಟನ್ ಅಂದುಕೊಂಡಿದ್ದರು. ಎರಡಕ್ಕೂ ಸುಮಾರು 4.45 ಪಟ್ಟು ವ್ಯತ್ಯಾಸ. ತಮಾಷೆ ವಿಷಯ ಅಲ್ಲ ಇದು: ನ್ಯೂಟನ್ ಅಳತೆಯಲ್ಲೇ ಇರಬೇಕು ಅಂತ ದಾಖಲೆಯಲ್ಲಿ ಬರೆದಿತ್ತು. ಬರೆದದ್ದನ್ನೂ ಬಂದದ್ದನ್ನೂ ಯಾರೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ನೌಕೆ ಇರಬೇಕಾದ ಎತ್ತರಕ್ಕಿಂತ ತುಂಬಾ ಕೆಳಗೆ, ಮಂಗಳನ ವಾತಾವರಣದೊಳಕ್ಕೆ ಇಳಿದುಬಿಟ್ಟಿತು.

ಎರಡೂ ಕಡೆ ನುರಿತ ಎಂಜಿನಿಯರ್‌ಗಳಿದ್ದರು. ದಾರಿ ಲೆಕ್ಕ ಹಾಕುತ್ತಿದ್ದವರಿಗೆ ಅನುಮಾನ ಕೂಡ ಬಂದಿತ್ತು, ಅದು ಸರಿಯಾದವರ ಕಿವಿಗೆ ಸರಿಯಾದ ರೀತಿಯಲ್ಲಿ ಮುಟ್ಟಲಿಲ್ಲ. ತಪ್ಪು ಮನುಷ್ಯರಿಂದ ಆಗುತ್ತದೆ, ಅದನ್ನು ಹಿಡಿಯಬೇಕಿದ್ದ ನಮ್ಮ ವ್ಯವಸ್ಥೆಯೇ ಸೋತಿತು ಅಂತ ಆಮೇಲೆ ನಾಸಾದವರೇ ಒಪ್ಪಿಕೊಂಡರು. ಕೆಲಸ ಕೊಟ್ಟವರು ಹೇಳಬೇಕಾದ ಮಾತು ಅದು, ಅದಕ್ಕೇ ನನಗೆ ಅವರ ಮೇಲೆ ಗೌರವ.

ಎರಡು ತಂಡ ಸೇರುವ ಜಾಗದಲ್ಲೇ ಕೆಲಸ ಕೆಡುವುದು. ನಾನು ನೋಡಿದ ಪ್ರಾಜೆಕ್ಟುಗಳಲ್ಲಿ ಅದು ದಿನಾಂಕದ ರೂಪದಲ್ಲಿ ಬಂದಿದೆ. 03/04 ಅಂದರೆ ಏಪ್ರಿಲ್ 3 ಅಂತ ಒಂದು ಕಡೆ, ಮಾರ್ಚ್ 4 ಅಂತ ಇನ್ನೊಂದು ಕಡೆ. ಈಗ ಯಾವ ಪ್ರಾಜೆಕ್ಟ್ ಶುರುವಾದರೂ ಒಂದು ಹಾಳೆ ಮಾಡಿಸುತ್ತೇನೆ. ಯಾವ ಮಾಹಿತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಅದರ ಅಳತೆ ಏನು, ದಿನಾಂಕ ಹೇಗೆ ಬರೆಯಬೇಕು, ಯಾವ ದೇಶದ ಗಡಿಯಾರ, ಖಾಲಿ ಬಂದರೆ ಏನು ಮಾಡಬೇಕು. ಎರಡೂ ಕಡೆಯವರು ಒಟ್ಟಿಗೆ ಕೂತು ತುಂಬಬೇಕು. ಅರ್ಧ ದಿನ ಹಿಡಿಯುತ್ತದೆ. ಸುಮ್ನೆ ಇಮೇಲಿನಲ್ಲಿ ಕಳಿಸಿ "ನೋಡಿಕೊಳ್ಳಿ" ಅಂದರೆ ಯಾರೂ ನೋಡುವುದಿಲ್ಲ.

ಇನ್ನು ದುಡ್ಡಿನ ವಿಷಯ. "ಒಂದೇ ಮೊತ್ತ ಮಾತಾಡಿಕೊಂಡುಬಿಟ್ಟರೆ ಸೇಫ್" ಅನ್ನುವ ನಂಬಿಕೆ ಬಹಳ ಗಟ್ಟಿಯಾಗಿದೆ. ಕೆಲಸ ಚಿಕ್ಕದು, ಏನು ಬೇಕು ಅಂತ ಪೂರ್ತಿ ಗೊತ್ತಿದೆ ಅಂದರೆ ಅದು ಸರಿಯೇ. ಹಳೆಯ ವೆಬ್‌ಸೈಟಿನ ಪುಟಗಳನ್ನು ಹೊಸ ಜಾಗಕ್ಕೆ ಸಾಗಿಸುವುದು, ಒಂದು ವರದಿ ಮಾಡಿಸಿಕೊಳ್ಳುವುದು, ಇಂಥದಕ್ಕೆಲ್ಲ ಧಾರಾಳವಾಗಿ ಒಂದೇ ಮೊತ್ತ ಇಟ್ಟುಕೊಳ್ಳಿ. ಎಂಟು ತಿಂಗಳ ಹೊಸ ಕೆಲಸಕ್ಕೆ ಹಾಗೆ ಮಾಡಿದಾಗ ಏನಾಗುತ್ತದೆ ಅಂತ ನಾನು ಆ ಕಡೆ ಕೂತು ನೋಡಿದ್ದೇನೆ. ಗೊತ್ತಿಲ್ಲದ ವಿಷಯ ಜಾಸ್ತಿ ಇರುವುದರಿಂದ ತಂಡ ಮೊದಲೇ ಮೊತ್ತವನ್ನು ಉಬ್ಬಿಸಿ ಹೇಳುತ್ತದೆ. ಆಮೇಲೆ ನಿಮ್ಮ ಪ್ರತಿ ಹೊಸ ಮಾತಿಗೂ "ಇದು ಒಪ್ಪಂದದಲ್ಲಿ ಇಲ್ಲ" ಅನ್ನುವ ಉತ್ತರ, ಚೇಂಜ್ ರಿಕ್ವೆಸ್ಟ್ ಅನ್ನುವ ಬೇರೆ ಬಿಲ್. ಕೊನೆಗೆ ದುಡ್ಡು ಸಾಲದೆ ಬಂದಾಗ ಕೈ ಬಿಡುವುದು ನಿಮ್ಮ ಕಣ್ಣಿಗೆ ಬೀಳದ್ದನ್ನು. ಸ್ಕ್ರೀನ್ ಎಲ್ಲ ಚೆನ್ನಾಗಿರುತ್ತದೆ. ಕೋಡ್ ಸರಿಯಿದೆಯಾ ಅಂತ ತಾನಾಗಿ ಪರೀಕ್ಷಿಸುವ ಟೆಸ್ಟ್ ಬರೆದಿರುವುದಿಲ್ಲ, ಬ್ಯಾಕಪ್ಪಿನಿಂದ ಡೇಟಾ ವಾಪಸ್ ತೆಗೆದು ನೋಡಿರುವುದಿಲ್ಲ. ಆ ತಂಡದವರು ಕೆಟ್ಟವರಲ್ಲ, ಆ ಒಪ್ಪಂದ ಅವರನ್ನು ಅಲ್ಲಿಗೆ ತಂದು ನಿಲ್ಲಿಸುತ್ತದೆ.

ನಾನು ಹೇಳಿಕೊಡುವುದು ಎರಡೆರಡು ವಾರದ ಕೆಲಸ. ಎರಡು ವಾರಕ್ಕೊಮ್ಮೆ ಓಡುವ ಸಾಫ್ಟ್‌ವೇರ್ ತೋರಿಸಬೇಕು. ಸ್ಲೈಡು, ಚಿತ್ರ, "ಶೇಕಡಾ 80 ಮುಗಿದಿದೆ" ಅನ್ನುವ ಮಾತು ಇವು ಯಾವುವೂ ಲೆಕ್ಕಕ್ಕಿಲ್ಲ. ನಿಮ್ಮವರೇ ಲಾಗಿನ್ ಆಗಿ, ತಮ್ಮ ಕೈಯಾರೆ ಒಂದು ಆರ್ಡರ್ ಹಾಕಿ ನೋಡಬೇಕು. ಮುಂದಿನ ಎರಡು ವಾರಕ್ಕೆ ಏನು ಬೇಕು ಅಂತ ಆಗ ಹೇಳುವುದು ಸುಲಭ. ಒಟ್ಟು ಖರ್ಚಿಗೆ ಒಂದು ಮಿತಿ ಇಟ್ಟುಕೊಂಡು, ಆ ಮಿತಿಯೊಳಗೆ ಏನು ಬಿಡಬಹುದು ಅಂತ ನೀವೇ ಆರಿಸುತ್ತಾ ಹೋಗಬಹುದು.

ಗಂಟೆಯ ದರ ಕಡಿಮೆ ಇದ್ದರೆ ಖರ್ಚು ಕಡಿಮೆ ಅನ್ನುವುದೂ ಪೂರ್ತಿ ನಿಜವಲ್ಲ. ಅರ್ಧ ದರದ ತಂಡ ಮೂರು ಪಟ್ಟು ಗಂಟೆ ತೆಗೆದುಕೊಂಡರೆ ಒಂದೂವರೆ ಪಟ್ಟು ಆಯಿತು. ದರಕ್ಕಿಂತ ಮುಖ್ಯವಾಗಿ ಕೇಳಬೇಕಾದ್ದು ಒಂದಿದೆ. ಇವತ್ತು ಮೀಟಿಂಗಿನಲ್ಲಿ ಚೆನ್ನಾಗಿ ಮಾತಾಡಿದ ಆ ಅನುಭವಿ ಎಂಜಿನಿಯರ್ ನಾಳೆ ನಮ್ಮ ಕೆಲಸದಲ್ಲಿ ಇರುತ್ತಾರಾ, ವಾರಕ್ಕೆ ಎಷ್ಟು ದಿನ? ಉತ್ತರ ಒಪ್ಪಂದದಲ್ಲಿ ಹೆಸರು ಸಮೇತ ಬರಲಿ.

ಕೆಲಸ ತಡವಾದಾಗ "ಇನ್ನೂ ನಾಲ್ಕು ಜನ ಹಾಕಿ" ಅನ್ನುವುದು ಸಹಜ. ಹೊರಗಿನ ತಂಡವಾದರೆ ಜನ ಸಿಗುವುದೂ ಸುಲಭ, ಹಾಗಾಗಿ ಈ ತಪ್ಪು ಬೇಗ ಆಗುತ್ತದೆ. ಐಬಿಎಂ ಕಂಪನಿಯ ದೊಡ್ಡ ಕಂಪ್ಯೂಟರ್‌ಗಳ ಆಪರೇಟಿಂಗ್ ಸಿಸ್ಟಮ್ ಆದ ಓಎಸ್/360 ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಇದನ್ನು ಬರೆದಿಟ್ಟರು: ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ. ಲೆಕ್ಕ ಸರಳ. ಐದು ಜನ ಇದ್ದರೆ ಇಬ್ಬಿಬ್ಬರ ನಡುವಿನ ಮಾತುಕತೆಯ ದಾರಿಗಳು 10. ಹತ್ತು ಜನ ಆದರೆ 45. ಹೊಸಬರಿಗೆ ಕಲಿಸಬೇಕಾದವರು ಹಳಬರೇ, ಅವರ ಕೆಲಸವೂ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ನಾನು ಜನ ಹೆಚ್ಚಿಸುವ ಬದಲು ಮಾಡಬೇಕಾದ ಕೆಲಸಗಳ ಪಟ್ಟಿ ಚಿಕ್ಕದು ಮಾಡಿಸುತ್ತೇನೆ.

ಈಗ ನನಗೆ ನಿಜವಾಗಲೂ ಸಂಕಟ ಆಗುವ ವಿಷಯಕ್ಕೆ ಬರುತ್ತೇನೆ. "ದುಡ್ಡು ಕೊಟ್ಟಿದ್ದೇವೆ, ಹಾಗಾಗಿ ಕೋಡ್ ನಮ್ಮದು." ಇದು ತಾನಾಗಿ ಆಗುವ ಸಂಗತಿ ಅಂತ ನಂಬಬೇಡಿ. 1989ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂದು ಶಿಲ್ಪದ ಮೇಲೆ ತೀರ್ಪು ಬಂತು. ಮನೆಯಿಲ್ಲದವರ ಪರ ಕೆಲಸ ಮಾಡುವ ಸಂಸ್ಥೆಯೊಂದು ದುಡ್ಡು ಕೊಟ್ಟು ಮಾಡಿಸಿದ ಶಿಲ್ಪ ಅದು. ಕಾಪಿರೈಟ್ ಬಗ್ಗೆ ಯಾರೂ ಏನೂ ಬರೆದುಕೊಂಡಿರಲಿಲ್ಲ. ಶಿಲ್ಪಿ ಆ ಸಂಸ್ಥೆಯ ನೌಕರ ಅಲ್ಲ, ಹಾಗಾಗಿ ಮಾಡಿಸಿದ ಮಾತ್ರಕ್ಕೆ ಕಾಪಿರೈಟ್ ಸಂಸ್ಥೆಯದಾಗುವುದಿಲ್ಲ ಅಂತ ಕೋರ್ಟ್ ಹೇಳಿತು. ಕೋಡ್ ಕೂಡ ಕಾಪಿರೈಟ್ ಇರುವ ಬರಹವೇ. ನಿಯಮ ದೇಶದಿಂದ ದೇಶಕ್ಕೆ ಬೇರೆ ಆಗುತ್ತದೆ, ಅದಕ್ಕೇ ಹಕ್ಕು ಯಾರಿಗೆ ವರ್ಗವಾಗುತ್ತದೆ, ಯಾವಾಗ ಆಗುತ್ತದೆ ಅಂತ ಒಪ್ಪಂದದಲ್ಲಿ ಸಹಿ ಸಮೇತ ಇರಲೇಬೇಕು. ಆ ತಂಡ ಸ್ವತಃ ಬಿಡಿ ಡೆವಲಪರ್‌ಗಳನ್ನು ಇಟ್ಟುಕೊಂಡಿದ್ದರೆ ಅವರಿಂದ ತಂಡಕ್ಕೆ ಹಕ್ಕು ಬಂದಿದೆಯಾ ಅಂತಲೂ ಕೇಳಿ.

ಕಾಗದದ ಹಕ್ಕು ಇದ್ದರೂ ಕೀಲಿಕೈ ಇಲ್ಲದಿದ್ದರೆ ಏನು ಮಾಡುವುದು? ಒಂದು ಸಂಸ್ಥೆಯವರು ನನ್ನನ್ನು ಕರೆದಾಗ ಅವರ ಆ್ಯಪ್ ಎರಡು ವರ್ಷದಿಂದ ಚೆನ್ನಾಗಿ ಓಡುತ್ತಿತ್ತು. ಹೊಸ ತಂಡಕ್ಕೆ ಕೆಲಸ ವರ್ಗಾಯಿಸಬೇಕಿತ್ತು. ಆ್ಯಪ್ ಸ್ಟೋರಿನ ಖಾತೆ ಹಳೆಯ ತಂಡದ ಒಬ್ಬ ಡೆವಲಪರ್ ಹೆಸರಿನಲ್ಲಿತ್ತು. ಒಟಿಪಿ ಹೋಗುತ್ತಿದ್ದುದು ಅವರ ಹಳೆಯ ನಂಬರಿಗೆ. ಅವರು ಆ ತಂಡ ಬಿಟ್ಟಿದ್ದರು, ನಂಬರೂ ಬಿಟ್ಟಿದ್ದರು. ಪುಣ್ಯಕ್ಕೆ ಹುಡುಕಿದಾಗ ಸಿಕ್ಕಿದರು. ಪಾಪ, ರಜೆ ಹಾಕಿ ಕೂತು ಸಹಾಯ ಮಾಡಿದರು. ಎಲ್ಲವೂ ಸಂಸ್ಥೆಯ ಹೆಸರಿಗೆ ಬರುವ ಹೊತ್ತಿಗೆ ಐದು ವಾರ ಕಳೆದಿತ್ತು. ಅಷ್ಟು ದಿನವೂ ಬಳಕೆದಾರರು ಗೊತ್ತಿದ್ದ ಒಂದು ಬಗ್ ಜೊತೆಗೇ ಇರಬೇಕಾಯಿತು.

ಡೊಮೇನ್, ಕ್ಲೌಡ್ ಖಾತೆ, ಆ್ಯಪ್ ಸ್ಟೋರ್, ಕೋಡ್ ಇಡುವ ರೆಪೊಸಿಟರಿ, ಪೇಮೆಂಟ್ ಗೇಟ್‌ವೇ, ಎಸ್ಎಂಎಸ್ ಸೇವೆ. ಇಷ್ಟೂ ಮೊದಲ ದಿನವೇ ನಿಮ್ಮ ಹೆಸರಿನಲ್ಲಿ, ನಿಮ್ಮ ಕಾರ್ಡಿನಲ್ಲಿ, ನಿಮ್ಮ ಸಂಸ್ಥೆಯ ಇಮೇಲಿನಲ್ಲಿ ಶುರುವಾಗಲಿ. ತಂಡಕ್ಕೆ ಬೇಕಾದಷ್ಟು ಪ್ರವೇಶ ಕೊಡಿ. ಕೋಡ್ ಪ್ರತಿದಿನ ನಿಮ್ಮ ರೆಪೊಸಿಟರಿಗೇ ಬರಲಿ. ಕೊನೆಯಲ್ಲಿ ಜಿಪ್ ಫೈಲ್ ಕೊಡುತ್ತೇವೆ ಅಂದರೆ ಒಪ್ಪಬೇಡಿ. ಮತ್ತು ಅವರು ಬಳಸಿದ ಓಪನ್ ಸೋರ್ಸ್ ಭಾಗಗಳ (ಬೇರೆಯವರು ಬರೆದು ಎಲ್ಲರ ಬಳಕೆಗೆ ಬಿಟ್ಟ ಕೋಡ್) ಪಟ್ಟಿ, ಅವುಗಳ ಲೈಸೆನ್ಸ್ ಸಮೇತ ಕೇಳಿ ಇಟ್ಟುಕೊಳ್ಳಿ.

ಆ ಪಟ್ಟಿ ಇನ್ನೊಂದು ಕಾರಣಕ್ಕೂ ಬೇಕು. ಸಾಫ್ಟ್‌ವೇರ್ ಕೈಗೆ ಬಂದರೆ ಕೆಲಸ ಮುಗಿಯಿತು ಅಂತ ಅಂದುಕೊಳ್ಳುತ್ತಾರೆ. 2021ರ ಡಿಸೆಂಬರಿನಲ್ಲಿ ಲಾಗ್4ಜೆ ಅನ್ನುವ ಸಣ್ಣ ಲೈಬ್ರರಿಯಲ್ಲಿ, ಅಂದರೆ ಬೇರೆ ಸಾಫ್ಟ್‌ವೇರ್‌ಗಳು ಒಳಗೆ ಸೇರಿಸಿಕೊಳ್ಳುವ ಸಿದ್ಧ ಕೋಡಿನಲ್ಲಿ, ದೊಡ್ಡ ದೋಷ ಹೊರಬಿತ್ತು. ಜಾವಾದಲ್ಲಿ ಬರೆದ ಲೆಕ್ಕವಿಲ್ಲದಷ್ಟು ಸಾಫ್ಟ್‌ವೇರ್‌ಗಳಲ್ಲಿ ಅದು ಒಳಗೆಲ್ಲೋ ಕೂತಿತ್ತು. ನಮ್ಮದರಲ್ಲಿ ಇದೆಯಾ ಅಂತ ಹೇಳಲೂ ಎಷ್ಟೋ ಸಂಸ್ಥೆಗಳಿಗೆ ಆಗಲಿಲ್ಲ. ಮಾಡಿಕೊಟ್ಟ ತಂಡ ಹೋಗಿಯಾಗಿತ್ತು, ನೋಡಿಕೊಳ್ಳುವ ಒಪ್ಪಂದ ಇರಲಿಲ್ಲ. ನಿರ್ವಹಣೆಗೆ ಮೊದಲೇ ದುಡ್ಡು ತೆಗೆದಿಡಿ.

ಹೊರಗಿನವರಿಗೆ ನಮ್ಮ ಕೆಲಸದ ಮೇಲೆ ಕಾಳಜಿ ಇರುವುದಿಲ್ಲ ಅನ್ನುವ ಮಾತು ನನಗೆ ನೋವು ಕೊಡುತ್ತದೆ, ಯಾಕೆಂದರೆ ನಾನು ಆ ಹೊರಗಿನವನಾಗಿದ್ದೆ. ನಮಗೆ ಬಳಕೆದಾರರ ಮುಖವೇ ಕಾಣುತ್ತಿರಲಿಲ್ಲ. ಈಗ ಅವಕಾಶ ಸಿಕ್ಕಾಗಲೆಲ್ಲ ತಂಡದವರನ್ನು ಕೆಲಸ ನಡೆಯುವ ಜಾಗಕ್ಕೆ ಕರೆದೊಯ್ಯುತ್ತೇನೆ, ದೂರ ಇದ್ದರೆ ವೀಡಿಯೊ ಕಾಲ್ ಹಾಕಿಸುತ್ತೇನೆ. ಒಮ್ಮೆ ಇಬ್ಬರು ಡೆವಲಪರ್‌ಗಳು ಗೋದಾಮಿನಲ್ಲಿ ಒಂದು ಬೆಳಿಗ್ಗೆ ಕಳೆದರು. ಅಲ್ಲಿನವರು ದಪ್ಪ ಕೈಗವಸು ಹಾಕಿ ಕೆಲಸ ಮಾಡುತ್ತಿದ್ದರು. ಆ್ಯಪಿನ ಬಟನ್ ಒತ್ತಲು ಪ್ರತಿ ಸಲ ಹಲ್ಲಿನಿಂದ ಕೈಗವಸು ಎಳೆದು ತೆಗೆಯುತ್ತಿದ್ದರು. ದಾಖಲೆಯಲ್ಲಿ ಇದು ಎಲ್ಲೂ ಇರಲಿಲ್ಲ. ಆ ವಾರವೇ ಬಟನ್‌ಗಳು ದೊಡ್ಡದಾದವು, ಆರು ಹೆಜ್ಜೆಯ ಕೆಲಸ ಎರಡಕ್ಕೆ ಇಳಿಯಿತು. ಹಾಗೆ ಮಾಡಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ.

ತಂಡ ಆರಿಸುವಾಗ ನಾನು ದೊಡ್ಡ ಒಪ್ಪಂದಕ್ಕೆ ಮುಂಚೆ ಎರಡು ವಾರದ ಚಿಕ್ಕ ಕೆಲಸವೊಂದನ್ನು, ದುಡ್ಡು ಕೊಟ್ಟೇ, ಮಾಡಿಸಿ ನೋಡುತ್ತೇನೆ. ಬೇಕಂತಲೇ ಅದರಲ್ಲಿ "ಗ್ರಾಹಕರು ವಿಳಾಸ ಬದಲಾಯಿಸಬಹುದು" ಅನ್ನುವಂಥ ಒಂದು ಸಾಲು ಇಡುತ್ತೇನೆ. ಯಾವ ತನಕ, ಯಾವ ಆರ್ಡರಿಗೆ ಅಂತ ಅವರು ಕೇಳಿದರೆ ನೆಮ್ಮದಿ. ಮೂರು ದಿನ ಆದರೂ ಯಾರೂ ಏನೂ ಕೇಳದಿದ್ದರೆ ನಾನೇ ಫೋನ್ ಮಾಡುತ್ತೇನೆ. ಅವರು ಕೇಳಿದ ದಿನ ನಮ್ಮ ಕಡೆಯಿಂದ ಸಂಜೆಯೊಳಗೆ ಉತ್ತರ ಹೋಯಿತಾ ಅಂತಲೂ ಬರೆದಿಟ್ಟುಕೊಳ್ಳುತ್ತೇನೆ.